ದೇಹದ ಒಳನೋಟ

ದೇಹವನ್ನು ಸೀಳದೆಯೇ ಅದರ ಒಳಭಾಗವನ್ನು ಕಾಣಬಹುದೆ? 1895ರ ನವೆಂಬರಿನಲ್ಲಿ ಜರ್ಮನಿಯ ರಾಂಟ್‌ಜೆನ್ ಎಂಬ ವಿಜ್ಞಾನಿಯು ಕಂಡುಹಿಡಿದ ಎಕ್ಸ್-ಕಿರಣಗಳು ಮಾಂಸವನ್ನು ಸುಲಭವಾಗಿ ಹಾಯುತ್ತವೆ. ಮೂಳೆಯಲ್ಲಿರುವ ಕ್ಯಾಲ್ಸಿಯಂ ಅವನ್ನು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಆದುದರಿಂದಲೇ ಚಿತ್ರದಲ್ಲಿ ಮೂಳೆಯು ಬೆಳ್ಳಗೂ, ಗಾಳಿ ತುಂಬಿದ ಶ್ವಾಸಕೋಶವು ಕಪ್ಪಗೂ ಕಾಣುತ್ತವೆ. ಸಿ.ಟಿ. ಯಂತ್ರವು ಇವೇ ಕಿರಣಗಳನ್ನು ದೇಹದ ಸುತ್ತಲಿಂದಲೂ ಹಾಯಿಸಿ, ಗಣಕಯಂತ್ರದ ನೆರವಿನಿಂದ ಅಡ್ಡಕೊಯ್ತದ ಚಿತ್ರಗಳನ್ನು ರಚಿಸುತ್ತದೆ.

ಆದರೆ ಈ ಕಿರಣಗಳು ಅತಿಯಾದರೆ ಜೀವಕೋಶಗಳಿಗೆ ಹಾನಿಯುಂಟು. ಆದಕಾರಣ ಗರ್ಭಸ್ಥ ಶಿಶುವನ್ನು ನೋಡಲು ವೈದ್ಯರು ಶಬ್ದವನ್ನು ಆಶ್ರಯಿಸುವರು. ಕಿವಿಗೆ ಕೇಳಿಸದ ಶಬ್ದತರಂಗಗಳು ಅಂಗಗಳಿಗೆ ತಾಗಿ, ಪ್ರತಿಧ್ವನಿಯಾಗಿ ಮರಳಿ, ಚಿತ್ರವಾಗಿ ಮೂಡುತ್ತವೆ. ಎಂ.ಆರ್.ಐ. ಯಂತ್ರವು ಪ್ರಬಲ ಅಯಸ್ಕಾಂತದಿಂದಲೂ ರೇಡಿಯೋ ತರಂಗಗಳಿಂದಲೂ ಮಿದುಳಿನಂತಹ ಮೃದು ಅಂಗಗಳನ್ನು ತೋರಿಸುತ್ತದೆ. ಅದರ ಬಳಿಗೆ ಕಬ್ಬಿಣದ ವಸ್ತುಗಳನ್ನು ಒಯ್ಯಕೂಡದು.

ರೋಗಕ್ಕೆ ತಕ್ಕ ಪರೀಕ್ಷೆಯನ್ನು ಆರಿಸುವುದೇ ವೈದ್ಯರ ವಿವೇಕ.