ಮಳೆಯ ಅಂಕಿಯೂ ವಿಜೆಟ್ಟಿನ ಬಾಳೂ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಇವು ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನ ತಾಲ್ಲೂಕುಗಳು. ಆಷಾಢದಲ್ಲಿ ಇಲ್ಲಿಯ ಇಬ್ಬರು ತೋಟಗಾರರು ದಾರಿಯಲ್ಲಿ ಎದುರಾದರೆ ಕುಶಲಪ್ರಶ್ನೆಗಿಂತ ಮೊದಲು ಬರುವ ಮಾತು, "ನಿಮ್ಮಲ್ಲಿ ಎಷ್ಟು ಇಂಚು ಬಿತ್ತು?" ಎಂಬುದು. ಘಟ್ಟದ ಅಂಚಿಗೆ ಸಮೀಪವಾದ ಶೃಂಗೇರಿಯಲ್ಲಿ ತುಂಗೆ ತುಂಬಿ ಹರಿಯುತ್ತಿರುವ ದಿನವೇ, ಈಶಾನ್ಯಕ್ಕಿರುವ ನರಸಿಂಹರಾಜಪುರದಲ್ಲಿ, ಭದ್ರಾ ಜಲಾಶಯದ ಹಿನ್ನೀರಿನ ಬದಿಯಲ್ಲಿ, ಬರಿಯ ತುಂತುರು ಇರಬಹುದು. ಕೊಪ್ಪ ಇವೆರಡರ ನಡುವಿನದು. ಆದಕಾರಣ ಒಂದು ಊರಿನ ಅಂಕಿ ಮತ್ತೊಂದು ಊರಿಗೆ ಸಲ್ಲದು.

ಈ ಅಂಕಿಯ ವಿಷಯದಲ್ಲಿ ಇಷ್ಟೊಂದು ಆಸ್ಥೆ ಏಕೆಂದರೆ, ಅಡಿಕೆಗೆ ಮಳೆಗಾಲದಲ್ಲಿ ಕೊಳೆರೋಗದ ಭಯ ಉಂಟು. ಅದನ್ನು ತಡೆಯಲು 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಸೇರಿಸಿ ಮಾಡಿದ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಹೊಡೆಯುತ್ತಾರೆ. ಮಳೆಗಾಲ ಹಿಡಿಯುವ ಹೊತ್ತಿಗೆ ಒಮ್ಮೆ, 40-45 ದಿನಗಳ ಅನಂತರ ಇನ್ನೊಮ್ಮೆ. ಎರಡನೆಯದಕ್ಕೆ ಹೊಳವು ಕಾಯಬೇಕು. ದ್ರಾವಣ ಗೊನೆಯ ಮೇಲೆ ಒಣಗುವ ಮೊದಲೇ ಮಳೆ ಬಂದರೆ, ಔಷಧಿಯೂ ಕೂಲಿಯೂ ನೀರಿನಲ್ಲಿ ಹೋದಂತೆಯೇ.

ಬೆಂಗಳೂರಿನಲ್ಲಿ ಕಂಪ್ಯೂಟರ್ ವಿದ್ಯೆಯನ್ನು ಕಲಿಯುತ್ತಿರುವ ನನ್ನ ಮೊಮ್ಮಗಳು ಒಮ್ಮೆ ರಜೆಯಲ್ಲಿ ಬಂದಾಗ, ನಮ್ಮ ಬಂಧುಗಳಿಗಾಗಿ ಒಂದು ಮೊಬೈಲ್ ಆ್ಯಪನ್ನು ರಚಿಸಿದಳು. ಮೂರು ಊರುಗಳ ನೆಂಟರು ತಮ್ಮ ತಮ್ಮ ಮಳೆಮಾಪಕಗಳನ್ನು ನೋಡಿ ಅಂಕಿಯನ್ನು ಕಳಿಸಬೇಕು. ಅದು ಎಲ್ಲರ ಪರದೆಯಲ್ಲಿಯೂ ಮೂಡಬೇಕು. ಅವಳು ಬಳಸಿದ್ದು ಗೂಗಲ್ ಸಂಸ್ಥೆ ರೂಪಿಸಿದ ಫ್ಲಟರ್ ಎಂಬ ಸಾಧನವನ್ನು. ಇದರ ಮೊದಲ ಸ್ಥಿರ ಆವೃತ್ತಿ ಹೊರಬಂದುದು 2018ರ ಡಿಸೆಂಬರಿನಲ್ಲಿ. ಇದರಲ್ಲಿ ಬರೆಯುವ ಭಾಷೆ ಡಾರ್ಟ್. ಪರದೆಯಲ್ಲಿ ಕಾಣುವ ಅಕ್ಷರ, ಗುಂಡಿ, ಚಿತ್ರ, ಅವುಗಳ ನಡುವೆ ಬಿಟ್ಟ ತೆರಪು ಸಹ ಇಲ್ಲಿ ವಿಜೆಟ್ ಎನಿಸಿಕೊಳ್ಳುತ್ತದೆ.

ವಿಜೆಟ್ ಎಂಬುದು ಕಚೇರಿಯಲ್ಲಿ ಬರೆದುಕೊಟ್ಟ ಚೀಟಿಯಂತೆ. ಒಮ್ಮೆ ಬರೆದ ಮೇಲೆ ಅದನ್ನು ತಿದ್ದುವಂತಿಲ್ಲ. ಬದಲಾವಣೆ ಬೇಕಾದರೆ ಹಳೆಯದನ್ನು ಎಸೆದು ಹೊಸ ಚೀಟಿ ಬರೆಯಬೇಕು. ಆದರೆ ಮಳೆಯ ಅಂಕಿಯಂತೆ ಬದಲಾಗುತ್ತಿರುವುದನ್ನು ನೆನಪಿಡಲು ಯಾರಾದರೂ ಬೇಕಲ್ಲವೆ? ಅದಕ್ಕಾಗಿ ಚೀಟಿಯ ಹಿಂದೆ ಒಬ್ಬ ಗುಮಾಸ್ತನಿದ್ದಾನೆ. ಅವನ ಹೆಸರು ಸ್ಟೇಟ್. ಚೀಟಿಗಳು ಬಂದು ಹೋಗುತ್ತಿದ್ದರೂ ಗುಮಾಸ್ತ ತನ್ನ ಜಾಗದಲ್ಲಿಯೇ ಇರುತ್ತಾನೆ. ವಿಜೆಟ್ಟಿನ ಬಾಳು ಎಂದು ನಾವು ಹೇಳುವುದು ನಿಜವಾಗಿ ಈ ಗುಮಾಸ್ತನ ಬಾಳನ್ನೇ.

ಅವನು ಕೆಲಸಕ್ಕೆ ಸೇರಿದ ಕೂಡಲೇ ಒಂದೇ ಒಂದು ಬಾರಿ ಇನಿಟ್‌ಸ್ಟೇಟ್ ಎಂಬ ಕರೆ ಬರುತ್ತದೆ. ಆರಂಭದ ಸಿದ್ಧತೆಯೆಲ್ಲ ಆಗ. ಬಳಿಕ ಬಿಲ್ಡ್ ಎಂಬ ಕರೆ ಬಂದಾಗ ಪರದೆಯಲ್ಲಿ ಏನು ಕಾಣಬೇಕೆಂಬುದನ್ನು ಅವನು ಹೇಳುತ್ತಾನೆ. ಲೆಕ್ಕ ಬದಲಾದರೆ ಸೆಟ್‌ಸ್ಟೇಟ್ ಎಂದು ತಿಳಿಸುತ್ತಾನೆ. ಆಗ ಬಿಲ್ಡ್ ಮತ್ತೆ ನಡೆಯುತ್ತದೆ. ಬಿಲ್ಡ್ ಎಷ್ಟು ಸಲ ನಡೆದೀತೆಂದು ಹೇಳುವಂತಿಲ್ಲ. ಆದ್ದರಿಂದ ದೂರದಿಂದ ಅಂಕಿಯನ್ನು ತರಿಸುವ ಕೆಲಸವನ್ನು ಅಲ್ಲಿ ಇಡಬಾರದು. ಮೊಮ್ಮಗಳು ಅದನ್ನು ಇನಿಟ್‌ಸ್ಟೇಟಿನಲ್ಲಿ ಇಟ್ಟಿದ್ದಳು. ಅದು ಸರಿಯೇ, ಆದರೆ ಅಷ್ಟೇ ಸಾಲದಾಯಿತು.

ಒಂದು ಮುಂಜಾನೆ ನಾನು ಶೃಂಗೇರಿಯ ಅಂಕಿಯನ್ನು ನೋಡಿ, ಪರದೆಯ ಮೇಲ್ಗಡೆ ನರಸಿಂಹರಾಜಪುರದ ಹೆಸರನ್ನು ಮುಟ್ಟಿದೆ. ಹೆಸರು ಬದಲಾಯಿತು, ಕೆಳಗಿನ ಅಂಕಿ ನಾಲ್ಕೂವರೆ ಇಂಚೆಂದೇ ನಿಂತಿತು. ಅಲ್ಲಿರುವ ನನ್ನ ತಂಗಿಯ ತೋಟಕ್ಕೆ ಅಂದು ಔಷಧಿ ಹೊಡೆಯುವುದಿತ್ತು. ಫೋನ್ ಮಾಡಿ, "ಇಷ್ಟು ಮಳೆಯಲ್ಲಿ ಬೇಡ, ಆಳುಗಳನ್ನು ಹಿಂದಕ್ಕೆ ಕಳಿಸು" ಎಂದೆ. "ಎಂಥ ಮಳೆ ಅಣ್ಣಯ್ಯ? ನಾನು ಕಳಿಸಿದ್ದು ಸೊನ್ನೆ. ಅಂಗಳ ಒಣಗಿದೆ" ಎಂದಳು. ಅವಳು ಅಂಗಳವನ್ನು ನೋಡದೆ ನನ್ನ ಮಾತನ್ನೇ ನಂಬಿದ್ದರೆ ಆ ಹೊಳವು ಕೈತಪ್ಪುತ್ತಿತ್ತು.

ಆದದ್ದು ಇಷ್ಟು. ಊರನ್ನು ಬದಲಾಯಿಸಿದಾಗ ಹೊಸ ಚೀಟಿ ಬಂತು, ಅದರಲ್ಲಿ ನರಸಿಂಹರಾಜಪುರದ ಹೆಸರಿತ್ತು. ಆದರೆ ಅದೇ ಜಾಗಕ್ಕೆ ಅದೇ ಬಗೆಯ ಚೀಟಿ ಬಂದಾಗ ಫ್ಲಟರ್ ಗುಮಾಸ್ತನನ್ನು ಬದಲಾಯಿಸುವುದಿಲ್ಲ. ಹಳೆಯ ಗುಮಾಸ್ತನಿಗೆ ಇನಿಟ್‌ಸ್ಟೇಟ್ ಎರಡನೆಯ ಬಾರಿ ಬಾರದು. ಅವನು ಹೊಸ ಹೆಸರನ್ನು ಓದಿದ, ತನ್ನ ಪುಸ್ತಕದಲ್ಲಿದ್ದ ಶೃಂಗೇರಿಯ ಅಂಕಿಯನ್ನೇ ಅದರ ಕೆಳಗೆ ಬರೆದ. ಇಂಥ ಸಂದರ್ಭಕ್ಕೆಂದೇ ಡಿಡ್‌ಅಪ್‌ಡೇಟ್‌ವಿಜೆಟ್ ಎಂಬ ಕರೆ ಇದೆ. ಹಳೆಯ ಚೀಟಿಯನ್ನೂ ಹೊಸದನ್ನೂ ಹೋಲಿಸಿ, ಊರು ಬೇರೆಯಾಗಿದ್ದರೆ ಹಳೆಯ ಅಂಕಿಯನ್ನು ಅಳಿಸಿ ಹೊಸದನ್ನು ತರಿಸಲು ಅದು ತಕ್ಕ ಜಾಗ. ಮೊಮ್ಮಗಳು ಅದನ್ನು ಬರೆದಿರಲಿಲ್ಲ. ಖಾಲಿ ಪರದೆಯಿದ್ದರೆ ಯಾರಾದರೂ ಕೇಳುತ್ತಾರೆ. ಸರಿಯಾದ ಹೆಸರಿನ ಕೆಳಗೆ ತಪ್ಪು ಅಂಕಿಯಿದ್ದರೆ ಯಾರೂ ಕೇಳುವುದಿಲ್ಲ. ಈ ಎರಡನೆಯ ಬಗೆಯ ತಪ್ಪೇ ಹೆಚ್ಚು ಕೆಟ್ಟದ್ದೆಂದು ನನ್ನ ಎಣಿಕೆ.

ಇನ್ನೊಂದು ದೋಷ ಮೆಲ್ಲಗೆ ಕಂಡಿತು. ಗಾಳಿಗೆ ಮರ ಬಿದ್ದು ತಂತಿ ಹರಿದರೆ ನಮ್ಮಲ್ಲಿ ಎರಡು ಮೂರು ದಿನ ವಿದ್ಯುತ್ತಿರುವುದಿಲ್ಲ. ಅಂಥ ದಿನಗಳಲ್ಲಿ ಮೊಬೈಲಿನ ಬ್ಯಾಟರಿ ಮಧ್ಯಾಹ್ನಕ್ಕೇ ಬರಿದಾಗತೊಡಗಿತು. ನಿಮಿಷಕ್ಕೊಮ್ಮೆ ಅಂಕಿ ತರಿಸುವ ಟೈಮರ್ ಇನಿಟ್‌ಸ್ಟೇಟಿನಲ್ಲಿ ಆರಂಭವಾಗುತ್ತಿತ್ತು. ಪುಟವನ್ನು ಮುಚ್ಚಿದಾಗ ಗುಮಾಸ್ತನಿಗೆ ಡಿಸ್ಪೋಸ್ ಎಂಬ ಕೊನೆಯ ಕರೆ ಬರುತ್ತದೆ; ಟೈಮರನ್ನು ನಿಲ್ಲಿಸಬೇಕಾದುದು ಆಗ. ನಿಲ್ಲಿಸದಿದ್ದರೆ ಗುಮಾಸ್ತ ಹೋದರೂ ಅವನ ಗಡಿಯಾರ ಬಡಿಯುತ್ತಲೇ ಇರುತ್ತದೆ. ನಾನು ಪುಟವನ್ನು ಹತ್ತು ಸಲ ತೆರೆದು ಮುಚ್ಚಿದರೆ ಹತ್ತು ಗಡಿಯಾರ. ಮಳೆಮಾಪಕವನ್ನು ಅಳೆದ ಮೇಲೆ ನೀರು ಚೆಲ್ಲದೆ ಇಟ್ಟರೆ ಮರುದಿನದ ಲೆಕ್ಕ ಏನಾದೀತೆಂಬುದನ್ನು ನೀವೇ ಊಹಿಸಬಹುದು.

ಮೊಬೈಲಿನಲ್ಲಿ ಬೇರೆ ಆ್ಯಪನ್ನು ತೆರೆದರೆ ವಿಜೆಟ್ಟಿನ ಬಾಳು ಮುಗಿಯುವುದಿಲ್ಲ. ಆಗ ಮರೆಗೆ ಸರಿಯುವುದು ಇಡೀ ಆ್ಯಪ್. ಅದಕ್ಕೆ ಪಾಸ್ಡ್ ಎಂಬ ಸೂಚನೆಯೂ, ಮರಳಿ ಮುಂದೆ ಬಂದಾಗ ರೆಸ್ಯೂಮ್ಡ್ ಎಂಬ ಸೂಚನೆಯೂ ಬೇರೆಯಾಗಿಯೇ ಇವೆ. ಮರೆಯಲ್ಲಿರುವ ಆ್ಯಪನ್ನು ಮೊಬೈಲೇ ಹಠಾತ್ತನೆ ಮುಗಿಸಿಬಿಟ್ಟರೆ ಡಿಸ್ಪೋಸ್ ಕರೆ ಬಾರದೆ ಹೋಗಬಹುದು. ಆದ್ದರಿಂದ ಉಳಿಯಬೇಕಾದ ಅಂಕಿಯನ್ನು ಕೊನೆಗಳಿಗೆಯವರೆಗೆ ಕಾಯದೆ ಮೊದಲೇ ಬರೆದಿಡಬೇಕು.

ಮೊಮ್ಮಗಳು ಎರಡನ್ನೂ ತಿದ್ದಿದಳು. ಆಗ ಮತ್ತೊಂದು ತೊಡಕು ತೋರಿತು. ನಮ್ಮ ಗುಡ್ಡದ ಮರೆಯಲ್ಲಿ ನೆಟ್‌ವರ್ಕ್ ನಿಧಾನ. ಶೃಂಗೇರಿಯ ಅಂಕಿಗೆ ಹೇಳಿಕಳಿಸಿ, ಅದು ಬರುವ ಮೊದಲೇ ಊರನ್ನು ಬದಲಾಯಿಸಿದರೆ, ತಡವಾಗಿ ಬಂದ ಉತ್ತರ ನರಸಿಂಹರಾಜಪುರದ ಕೆಳಗೆ ಕುಳಿತುಬಿಡಬಹುದು. ಈಗ ಉತ್ತರ ಬಂದಾಗ ಗುಮಾಸ್ತ ಎರಡನ್ನು ನೋಡುತ್ತಾನೆ: ತಾನಿನ್ನೂ ಕೆಲಸದಲ್ಲಿದ್ದಾನೆಯೇ, ಈ ಉತ್ತರ ಈಗಿನ ಚೀಟಿಯ ಊರಿನದೇ. ಎರಡಕ್ಕೂ ಹೌದೆಂದಾದರೆ ಮಾತ್ರ ಸೆಟ್‌ಸ್ಟೇಟ್. ಅಂಕಿ ಬರುವವರೆಗೆ ಆ ಜಾಗದಲ್ಲಿ ಒಂದು ಸಣ್ಣ ಗೆರೆ ಕಾಣುತ್ತದೆ. ಗೆರೆ ಕಂಡ ದಿನ ನನ್ನ ತಂಗಿ ಅಂಗಳಕ್ಕೆ ಹೋಗಿ ಮಳೆಮಾಪಕವನ್ನು ನೋಡಿ ಬರುತ್ತಾಳೆ.