ಮಾರಿದ ವಾಚ್ ಚೈನ್‌ಗೆ ದುಡ್ಡು ವಾಪಸ್ ಕೇಳಿದರೆ

ರೋಲೆಕ್ಸ್‌ನಂಥ ದುಬಾರಿ ವಾಚಿನ ಹಳೆಯ ಸ್ಟೀಲ್ ಚೈನನ್ನು ಆನ್‌ಲೈನಿನಲ್ಲಿ ಮಾರಿದ್ದೀರಿ. ವಾರ ಕಳೆದ ಮೇಲೆ ಕೊಂಡವರ ಮೆಸೇಜು: ‘ಇದು ಸರಿಯಿಲ್ಲ, ದುಡ್ಡು ವಾಪಸ್ ಹಾಕಿ.’ ಕೂಡಲೇ ಒಪ್ಪಲೂ ಬೇಡಿ, ಜಗಳಕ್ಕೂ ಇಳಿಯಬೇಡಿ.

ಮೊದಲು ತಕರಾರು ಏನೆಂದು ಫೋಟೊ ಸಮೇತ ಬರೆದು ಕಳಿಸಲು ಹೇಳಿ. ಫೋನಿನಲ್ಲಿ ಆಡಿದ ಮಾತಿಗೆ ನಾಳೆ ಸಾಕ್ಷಿ ಇರುವುದಿಲ್ಲ. ಇಬೇ ಮೂಲಕ ಮಾರಿದ್ದರೆ ಮಾತುಕತೆ ಅಲ್ಲೇ ನಡೆಯಲಿ. ಮರಳಿಸುವ ಕೋರಿಕೆಗೆ ಮೂರು ಕೆಲಸದ ದಿನಗಳೊಳಗೆ ಉತ್ತರಿಸದಿದ್ದರೆ ಕೊಂಡವರು ಸಂಸ್ಥೆಯನ್ನೇ ನಡುವೆ ತರಬಹುದು.

ಚೈನ್ ಕೂರುತ್ತಿಲ್ಲ ಎಂಬುದು ತಕರಾರಾದರೆ ನಿಮ್ಮ ಜಾಹೀರಾತನ್ನು ಇನ್ನೊಮ್ಮೆ ಓದಿ. ರೋಲೆಕ್ಸ್ ಸಬ್‌ಮರೀನರ್‌ನ 40 ಮಿ.ಮೀ. ಮಾದರಿಯಲ್ಲಿ ಚೈನ್ ಕೂರುವ ಜಾಗದ ಅಗಲ 20 ಮಿ.ಮೀ.; 2020ರಲ್ಲಿ ಬಂದ 41 ಮಿ.ಮೀ. ಮಾದರಿಯಲ್ಲಿ 21. ಒಂದೇ ಮಿಲಿಮೀಟರ್, ಆದರೂ ಒಂದರದು ಇನ್ನೊಂದಕ್ಕೆ ಸರಿಯಾಗಿ ಕೂರದು. ‘ಸಬ್‌ಮರೀನರ್ ಚೈನ್’ ಎಂದಷ್ಟೇ ಬರೆದಿದ್ದರೆ ವಾಪಸ್ ತೆಗೆದುಕೊಳ್ಳುವುದೇ ನ್ಯಾಯ, ಕೊರಿಯರ್ ಖರ್ಚೂ ನಿಮ್ಮದೇ. ಅಗಲವನ್ನು ಸ್ಪಷ್ಟವಾಗಿ ನಮೂದಿಸಿದ್ದರೆ ಮಾತ್ರ ‘ಆಗಲ್ಲ’ ಅನ್ನುವ ಹಕ್ಕು ನಿಮಗಿದೆ. ವಿವರ ಕೊಟ್ಟು ಮಾರಿದ ವಸ್ತು ಆ ವಿವರಕ್ಕೆ ಹೊಂದಬೇಕು ಎನ್ನುತ್ತದೆ 1930ರ ಸರಕು ಮಾರಾಟ ಕಾಯ್ದೆಯ 15ನೇ ಸೆಕ್ಷನ್. ಇದನ್ನೇ ವ್ಯಾಪಾರ ಮಾಡಿಕೊಂಡವರಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ ಅನ್ವಯಿಸುತ್ತದೆ.

‘ನಕಲಿ’ ಎಂದರೆ? ಯಾರೋ ಅಂಗಡಿಯವರು ಹಾಗಂದರು ಎಂಬುದು ಸಾಲದು. ಆ ವಾಚುಗಳನ್ನು ಬಲ್ಲವರಿಂದ ಬರೆಸಿ ತರಲಿ. ನಕಲಿ ಎಂದು ನಿಮಗೂ ಖಾತ್ರಿಯಾದರೆ ವಾದ ಬಿಟ್ಟು ದುಡ್ಡು ಕೊಟ್ಟುಬಿಡಿ. ಆ ಚೈನನ್ನು ಮತ್ತೊಬ್ಬರಿಗೆ ದಾಟಿಸುವ ಯೋಚನೆ ಬೇಡ: ಗೊತ್ತಿದ್ದೂ ನಕಲಿ ಬ್ರ್ಯಾಂಡಿನ ಮಾಲು ಮಾರುವುದು ಅಪರಾಧ.

ಚೈನ್ ಕೈಸೇರುವ ಮುನ್ನ ದುಡ್ಡು ಹಾಕಬೇಡಿ. ಪಾರ್ಸೆಲ್ ಬಂದಾಗ ವಿಳಾಸದ ಚೀಟಿ ಕಾಣುವಂತೆ ವಿಡಿಯೊ ಶುರುಮಾಡಿ, ನಡುವೆ ನಿಲ್ಲಿಸದೆ ಬಿಚ್ಚಿ. ಲಾಕಿನ ಒಳಬದಿಯಲ್ಲಿ ಒತ್ತಿರುವ ಅಕ್ಷರ–ಅಂಕಿಗಳನ್ನು ಮಾರುವಾಗ ತೆಗೆದ ಫೋಟೊ ಜೊತೆ ತಾಳೆ ನೋಡಿ. ಕೊಂಡಿಗಳನ್ನು ಎಣಿಸಿ; ಬಿಡಿ ಕೊಂಡಿಗೂ ಗಿರಾಕಿಗಳಿದ್ದಾರೆ, ಒಂದೆರಡು ಕಳಚಿಕೊಂಡು ಉಳಿದದ್ದನ್ನು ಮರಳಿಸಿದರೆ ಮೇಲ್ನೋಟಕ್ಕೆ ತಿಳಿಯುವುದಿಲ್ಲ. ಸ್ಪೀಡ್ ಪೋಸ್ಟ್ ರಸೀದಿಯಲ್ಲಿ ತೂಕ ನಮೂದಾಗಿರುತ್ತದೆ. ಹೋದ ತೂಕಕ್ಕೂ ಬಂದ ತೂಕಕ್ಕೂ ಅಂತರವಿದ್ದರೆ ಕಾರಣ ಕೇಳಿ.

ಎಲ್ಲ ಸರಿಯಿದ್ದರೆ ದುಡ್ಡು ಯಾವ ಖಾತೆಯಿಂದ ಬಂದಿತ್ತೋ ಅದಕ್ಕೇ ಹಾಕಿ. ‘ತಮ್ಮನ ನಂಬರಿಗೆ ಹಾಕಿ’ ಎಂದರೆ ಒಪ್ಪಬೇಡಿ. ನಾಳೆ ಖಾತೆದಾರರೇ ಬಂದು ‘ನನಗೆ ಬಂದಿಲ್ಲ’ ಅಂದಾರು. ಅವರು ಕಳಿಸಿದ ‘ರೀಫಂಡ್ ಲಿಂಕ್’ ಮುಟ್ಟಲೇಬೇಡಿ. ಮೋಸದಿಂದ ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಹಣ ವಸೂಲಿಯ ಸಿವಿಲ್ ದಾವೆಗೆ ಸಾಮಾನ್ಯವಾಗಿ ಮೂರು ವರ್ಷಗಳ ಗಡುವಿದೆ. ಅಲ್ಲಿಯವರೆಗೆ ಚಾಟ್, ರಸೀದಿ, ವಿಡಿಯೊ ಯಾವುದನ್ನೂ ಅಳಿಸಬೇಡಿ.