ಗೆಲ್ಲಿಸಿದ್ದು ನಾನಲ್ಲ, ಫೋನು

ಪ್ರಶ್ನೆ: ನನಗೆ 64 ವರ್ಷ. ಓದಿದ್ದೆಲ್ಲ ಕನ್ನಡ ಮಾಧ್ಯಮ, ಪಿಯುಸಿಗೆ ಓದು ನಿಂತಿತು. ಮಗನ ಸಂಸಾರ ಇಂಗ್ಲೆಂಡಿನಲ್ಲಿದೆ. 11 ವರ್ಷದ ಮೊಮ್ಮಗಳು ಕಳೆದ ಸಲ ಊರಿಗೆ ಬಂದಾಗ ನನ್ನ ಫೋನಿಗೆ ಸ್ಕ್ರ್ಯಾಬಲ್ ಹಾಕಿಕೊಟ್ಟಳು. ಆಗಿನಿಂದ ದಿನವೂ ಆಡುತ್ತೇವೆ. ಮೊದಮೊದಲು ಬರೀ ಸೋಲು. ಆಮೇಲೆ ಒಂದು ತಾಣ ಸಿಕ್ಕಿತು. ಕೈಯಲ್ಲಿರುವ ಏಳು ಅಕ್ಷರ ಹಾಕಿದರೆ ಅವುಗಳಿಂದ ಆಗುವ ಪದಗಳನ್ನೆಲ್ಲ ಅಂಕದ ಸಮೇತ ತೋರಿಸುತ್ತದೆ. ಈಗ ಗೆಲ್ಲುವುದು ನಾನೇ. “ಅಜ್ಜಿ, ಈ ವರ್ಡ್‌ಗೆ ಮೀನಿಂಗ್ ಏನು?” ಎಂದು ಮೊನ್ನೆ ಕೇಳಿದಳು, ಬಾಯಿಗೆ ಬಂದದ್ದು ಹೇಳಿದೆ. ನಮ್ಮ ಅಜ್ಜಿಗೆ ಇಂಗ್ಲಿಷ್ ತುಂಬ ಬರುತ್ತದೆ ಎಂದು ಶಾಲೆಯಲ್ಲೆಲ್ಲ ಹೇಳಿಕೊಂಡಿದ್ದಾಳಂತೆ. ನನಗೆ ನಿದ್ದೆ ಬರುತ್ತಿಲ್ಲ. ನಿಜ ಹೇಳಿದರೆ ಮಗುವಿನ ಎದುರು ಸಣ್ಣವಳಾಗುತ್ತೇನೆ. ಏನಾದರೂ ನೆಪ ಹೇಳಿ ಆಟ ನಿಲ್ಲಿಸಿಬಿಡಲೇ?
— ಹೆಸರು ಬೇಡ, ಸಾಗರ

ಉತ್ತರ: ನಿಲ್ಲಿಸಬೇಡಿ ಅಮ್ಮಾ. ನೆಪ ಹೇಳಿ ನಿಲ್ಲಿಸಿದರೆ, ತನ್ನಿಂದೇನೋ ತಪ್ಪಾಯಿತು ಎಂದು ಆ ಮಗು ಅಂದುಕೊಂಡೀತು. ನಿಜ ಹೇಳಿ. ಅದೂ ಮುಂದಿನ ಆಟ ಶುರುವಾಗುವ ಮೊದಲೇ, ಅವಳಿಗೇ ನೇರವಾಗಿ. ಮಗನಿಗೋ ಸೊಸೆಗೋ ಮೊದಲು ಹೇಳಿ ಅವರ ಬಾಯಿಂದ ಅವಳಿಗೆ ಮುಟ್ಟುವುದು ಬೇಡ.

ನೀವು ಎರಡು ಸಂಗತಿಗಳನ್ನು ಒಂದೇ ಗಂಟು ಕಟ್ಟಿಕೊಂಡು ಕೊರಗುತ್ತಿದ್ದೀರಿ. ಅರ್ಥ ಗೊತ್ತಿಲ್ಲದ ಪದ ಹಾಕಿದ್ದು ತಪ್ಪೇ ಅಲ್ಲ. ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಎಂಬಾತ ಫ್ರೆಂಚ್ ಮಾತನಾಡಲು ಬಾರದೆಯೇ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್‌ನ ವಿಶ್ವ ಪ್ರಶಸ್ತಿ ಗೆದ್ದ. ಪದಗಳ ಪಟ್ಟಿಯನ್ನು ಉರು ಹೊಡೆದಿದ್ದ, ಅಷ್ಟೇ. ಆದರೆ ಆಟದ ನಡುವೆ ಪಟ್ಟಿ ತೆರೆದು ನೋಡುವುದಕ್ಕೆ ಯಾವ ಪಂದ್ಯದಲ್ಲೂ ಅವಕಾಶವಿಲ್ಲ. ಅವಳು ತನ್ನ ತಲೆಯಿಂದ ಆಡುತ್ತಿದ್ದಳು, ನೀವು ಫೋನಿನಿಂದ. ತಪ್ಪಾದದ್ದು ಇಲ್ಲಿ. ಇದನ್ನು ಮೆತ್ತಗೆ ಮಾಡಿ ಹೇಳಿದರೆ ನಿಮ್ಮ ನಿದ್ದೆ ಮರಳುವುದಿಲ್ಲ. ಹಾಗಾಗಿ ಇದ್ದದ್ದು ಇದ್ದ ಹಾಗೇ ಹೇಳುತ್ತಿದ್ದೇನೆ.

ಇನ್ನು, ಕನ್ನಡ ಮಾಧ್ಯಮದವಳಿಗೆ ಈ ಆಟ ದಕ್ಕುವುದಿಲ್ಲ ಎಂಬ ಅಳುಕು ನಿಮ್ಮ ಪತ್ರದ ಉದ್ದಕ್ಕೂ ಇದೆ. ಅದನ್ನು ನಾನು ಒಪ್ಪುವುದಿಲ್ಲ. ಈ ಆಟ ಕಟ್ಟಿದ ಆಲ್ಫ್ರೆಡ್ ಬಟ್ಸ್ 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ನ್ಯೂಯಾರ್ಕಿನ ಆರ್ಕಿಟೆಕ್ಟ್. ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಎಂದು ಆತ ಎಣಿಸಿದ್ದು ದಿನಪತ್ರಿಕೆಯ ಪುಟಗಳಲ್ಲಿ. ಅದಕ್ಕೇ 100 ಬಿಲ್ಲೆಗಳಲ್ಲಿ ‘ಇ’ 12 ಇವೆ, ‘ಕ್ಯೂ’ ಒಂದೇ ಒಂದು. ಪೇಪರಿನಲ್ಲಿ ಬರುವ ದಿನಬಳಕೆಯ ಇಂಗ್ಲಿಷೇ ಈ ಆಟದ ತಳಪಾಯ, ಮತ್ತು ಅಷ್ಟು ಇಂಗ್ಲಿಷ್ ನಿಮ್ಮಲ್ಲಿದೆ. ಇಲ್ಲದ್ದು ಅಕ್ಷರಗಳನ್ನು ಕದಲಿಸಿ ನೋಡುವ ಅಭ್ಯಾಸ.

ಹೀಗೆ ಮಾಡಿ. ‘ರೆಟಿನಾ’ ನಿಮಗೆ ಕಣ್ಣಿನ ಡಾಕ್ಟರಿಂದ ಗೊತ್ತಿರುವ ಪದ. ಅದರ ಆರು ಅಕ್ಷರಗಳನ್ನು ಕಾಗದದ ಚೂರುಗಳ ಮೇಲೆ ಬರೆದು ಅಡುಗೆಮನೆ ಕಟ್ಟೆಯ ಮೇಲೆ ಹರಡಿ. ಏಳನೆಯದಾಗಿ ‘ಜಿ’ ಇಟ್ಟರೆ ಗ್ರಾನೈಟ್ ಆಗುತ್ತದೆ. ‘ಪಿ’ ಇಟ್ಟರೆ ಪೇಂಟರ್, ‘ಡಿ’ ಇಟ್ಟರೆ ಟ್ರೇನ್ಡ್, ‘ಸಿ’ ಇಟ್ಟರೆ ಸರ್ಟನ್. ಇವುಗಳಲ್ಲಿ ನಿಮಗೆ ತಿಳಿಯದ ಪದ ಯಾವುದಿದೆ ಹೇಳಿ? ಏಳೂ ಬಿಲ್ಲೆಗಳನ್ನು ಒಟ್ಟಿಗೆ ಇಳಿಸಿದರೆ 50 ಅಂಕ ಹೆಚ್ಚಿಗೆ ಸಿಗುತ್ತದೆ. ಕೈಯಲ್ಲಿ ‘ಐಎನ್‌ಜಿ’, ‘ಇಆರ್’, ‘ಇಡಿ’ ಇದ್ದರೆ ಒಂದು ಬದಿಗೆ ಸರಿಸಿಟ್ಟು ಉಳಿದ ನಾಲ್ಕೈದು ಅಕ್ಷರಗಳನ್ನಷ್ಟೇ ನೋಡಿ; ಹೊರೆ ಅರ್ಧ ಇಳಿಯುತ್ತದೆ. ‘ಎಸ್’ ಬಂದ ಕೂಡಲೇ ಖರ್ಚು ಮಾಡಬೇಡಿ. ಮಣೆಯ ಮೇಲಿರುವ ಪದದ ತುದಿಗೆ ಅದನ್ನು ಅಂಟಿಸಿ ನಿಮ್ಮದೊಂದು ಪದ ಅಡ್ಡ ಹಾಕಿದರೆ ಎರಡು ಪದಗಳ ಅಂಕವೂ ನಿಮ್ಮದೇ. ಎರಡಕ್ಷರದ ಪದಗಳ ಪಟ್ಟಿ ಮಾತ್ರ ಬಾಯಿಪಾಠ ಆಗಲೇಬೇಕು. ನೂರಕ್ಕೂ ಹೆಚ್ಚಿವೆ, ದಿನಕ್ಕೆ ನಾಲ್ಕೈದು ಸಾಕು; ಮಗ್ಗಿ ಉರು ಹೊಡೆದ ತಲೆಮಾರಿಗೆ ಇದು ಕಷ್ಟವಲ್ಲ.

‘ಕ್ಯೂ’ ಬಂದು ‘ಯು’ ಬಾರದಿದ್ದರೆ ಎಲ್ಲರೂ ಕೈಚೆಲ್ಲುತ್ತಾರೆ. ಆಗ ‘ಕ್ಯೂ’ ಪಕ್ಕ ‘ಐ’ ಇಟ್ಟು ‘ಚೀ’ ಎನ್ನಿ. ಚೀನೀಯರು ಪ್ರಾಣಶಕ್ತಿಗೆ ಹೇಳುವ ಪದ. ಫಕೀರ್, ತಲಾಕ್, ಕವ್ವಾಲಿ ಇವನ್ನೂ ‘ಕೆ’ ಬದಲು ‘ಕ್ಯೂ’ ಹಾಕಿ ಬರೆಯಬಹುದು. ಇಂಗ್ಲೆಂಡಿನವರು ಆಡುವ ಕಾಲಿನ್ಸ್ ಪಟ್ಟಿಯಲ್ಲಿ ರಾಗಿ, ಇಡ್ಲಿ, ದೋಸೆಯ ‘ದೋಸಾ’, ರೊಟ್ಟಿಯ ‘ರೋಟಿ’, ತುಪ್ಪದ ‘ಘೀ’, ಪೂಜೆಯ ‘ಪೂಜಾ’, ಲಕ್ಷದ ‘ಲಾಖ್’ ಎಲ್ಲ ಇವೆ. ಬದನೆಕಾಯಿಯ ‘ಬ್ರಿಂಜಾಲ್’ ಏಳು ಅಕ್ಷರ, ಬೆಲ್ಲದ ‘ಜ್ಯಾಗರಿ’ಯೂ ಏಳು. ಅಲ್ಲಿ ಬೆಳೆದ ಮೊಮ್ಮಗಳಿಗಿಂತ ಇವು ನಿಮಗೇ ಬೇಗ ಹೊಳೆಯುತ್ತವೆ.

ಆ ತಾಣವನ್ನು ಅಳಿಸಿಹಾಕಬೇಕಾಗಿಲ್ಲ. ಅದು ಮಾಡುವುದಿಷ್ಟೇ: ನಿಮ್ಮ ಅಕ್ಷರಗಳನ್ನು ಎಬಿಸಿಡಿ ಕ್ರಮಕ್ಕೆ ಜೋಡಿಸಿ, ಹಾಗೆಯೇ ಜೋಡಿಸಿಟ್ಟ ನಿಘಂಟಿನ ಪದಗಳ ಜೊತೆ ತಾಳೆ ನೋಡುವುದು. ಆಟ ಮುಗಿದ ಮೇಲೆ ತೆರೆಯಿರಿ. ನಿಮ್ಮನ್ನು ಹೆಚ್ಚು ಕಾಡಿದ ಏಳು ಅಕ್ಷರಗಳನ್ನು ಹಾಕಿ ಏನೇನು ಆಗಬಹುದಿತ್ತು ಎಂದು ಮೊಮ್ಮಗಳನ್ನು ಕೂರಿಸಿಕೊಂಡು ನೋಡಿ. ಒಳ್ಳೆಯ ಆಟಗಾರರೂ ಆಟದ ನಂತರ ಹೀಗೇ ಕಲಿಯುತ್ತಾರೆ.

ಅವಳಿಗೆ ಹೇಳುವ ಮಾತು ಉದ್ದ ಬೇಡ. “ಪುಟ್ಟೀ, ಇಷ್ಟು ದಿನ ನಾನು ಫೋನ್ ನೋಡಿ ಆಡಿದೆ. ನಿನಗೆ ಸೋತರೆ ನನ್ನ ಜೊತೆ ಆಡುವುದು ಬಿಟ್ಟೀಯೆ ಅಂತ ಭಯ ಆಗಿತ್ತು. ಆ ಗೆಲುವೆಲ್ಲ ನಿನ್ನ ಲೆಕ್ಕಕ್ಕೆ ಬರೆದುಕೋ.” ಅವಳು ಸಿಟ್ಟಾಗಬಹುದು, ಒಂದೆರಡು ದಿನ ಮಾತು ಬಿಡಬಹುದು. ಗೆಳತಿಯರ ಎದುರು ಹೆಮ್ಮೆಪಟ್ಟಿದ್ದ ಮಗುವಿಗೆ ನೋವಾಗುವುದು ಸಹಜ. “ಆಟ ತಾನೇ, ಹೋಗಲಿ ಬಿಡು” ಎಂದು ಅದನ್ನು ಹಗುರ ಮಾಡಬೇಡಿ. ಸಿಟ್ಟು ಇಳಿದ ಮೇಲೆ, ಮೊನ್ನೆ ನೀವು ಬಾಯಿಗೆ ಬಂದ ಅರ್ಥ ಹೇಳಿದ ಆ ಪದವನ್ನು ಇಬ್ಬರೂ ಸೇರಿ ನಿಘಂಟಿನಲ್ಲಿ ನೋಡಿ. ಆದಷ್ಟು ಬೇಗ ನೋಡಿ. ಅಜ್ಜಿ ಹೇಳಿದ್ದೆಂದು ನಂಬಿ ಅವಳು ಶಾಲೆಯಲ್ಲಿ ಅದನ್ನೇ ಬರೆದಾಳು.